ಸದ್ಯಕ್ಕೆ ಹಿಡಿದ ಕೆಲಸದಲ್ಲಿ ಸ್ಟೂಲಿನ ಮೇಲೇ ಕೂರುವ ಬಗ್ಗೆ

ತಾತ್ಕಾಲಿಕ ದುಡಿಮೆಗಳ ಉಸ್ತುವಾರಿ ಕಚೇರಿ
(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಿಗೆ)

ಸಂಖ್ಯೆ: ತಾದುಉ/ಸ್ಟೂಲು/07/2025-26
ದಿನಾಂಕ: 13-11-2025, ಗುರುವಾರ

ವಿಷಯ: ನೌಕರಿ ಸಿಗುವವರೆಗೆ ಹಿಡಿಯುವ ಕೆಲಸವನ್ನು ಆರಿಸಿಕೊಳ್ಳುವ ಹಾಗೂ ಅದರಲ್ಲೇ ಬೇರು ಬಿಡದಿರುವ ಕುರಿತು.

ಉಲ್ಲೇಖ: 1. ಹರಪನಹಳ್ಳಿ ತಾಲ್ಲೂಕು ಅರಸೀಕೆರೆಯ ಶ್ರೀಮತಿ ನೀಲಗಂಗಮ್ಮನವರು ಕಚೇರಿಯ ಬಾಗಿಲಲ್ಲಿ ನಿಂತು ಸಲ್ಲಿಸಿದ ಮೌಖಿಕ ದೂರು.
2. ಸದರಿಯವರು ಮರುದಿನ ಬಂದು ಇನ್ನೂ ಜೋರಾಗಿ ಸಲ್ಲಿಸಿದ ಅದೇ ದೂರು.

ಶ್ರೀಮತಿ ನೀಲಗಂಗಮ್ಮನವರ ಮಗಳು ಕು. ಶಾಂಭವಿ, ಬಿ.ಕಾಂ., ಸರ್ಕಾರಿ ನೌಕರಿ ಸಿಗುವವರೆಗೆ ಎಂದು ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಶ್ರೀ ಗಾದೆಪ್ಪನವರ ಜೆರಾಕ್ಸ್ ಅಂಗಡಿ ಸೇರಿದ್ದು, ಅಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದಾರೆ. ಈ ಸಲದ ನೇಮಕಾತಿಗೆ ಮುನ್ನೂರ ಹನ್ನೆರಡು ಮಂದಿಯ ಅರ್ಜಿಗಳನ್ನು ಒಂದೂ ತಪ್ಪಿಲ್ಲದೆ ತುಂಬಿದ ಇವರು ತಮ್ಮದನ್ನು ಮಾತ್ರ ತುಂಬಿರುವುದಿಲ್ಲ. "ಊರ ಮಂದೀದೆಲ್ಲಾ ತುಂಬ್ಯಾಳ್ರಿ, ತನ್ನದಷ್ಟ ಬಿಟ್ಟಾಳ" ಎಂಬುದು ತಾಯಿಯವರ ದೂರಿನ ಸಾರಾಂಶ. ಕಾರಣ ಕೇಳಲಾಗಿ ಮಗಳು, "ಸಾಲಿನ್ಯಾಗ ಮಂದಿ ನಿಂತಿರ್ತಾರ್ರಿ, ಅವರನ್ನ ನಿಲ್ಲಿಸಿ ನಂದು ಹೆಂಗ ತುಂಬ್ಲಿ?" ಎಂದು ಉತ್ತರಿಸಿರುತ್ತಾರೆ. ಕೊನೆಯ ದಿನ ಇದೇ ಶನಿವಾರ, ಸಂಜೆ ಐದು ಗಂಟೆ. ವಯೋಮಿತಿಯಂತೆ ಇವರಿಗೆ ಇದೇ ಕೊನೆಯ ಅವಕಾಶ. ಕಚೇರಿಗೂ ಹೊಟ್ಟೆ ಉರಿದಿರುವುದರಿಂದ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ತಿಳಿಸಲಾಗಿದೆ:

1. ಸದ್ಯದ ಕೆಲಸವು ತಮಗೆ ಬಾರದ ಕೆಲಸವೇ ಆಗಿರುವಂತೆ ನೋಡಿಕೊಳ್ಳತಕ್ಕದ್ದು. ಕೈ ಪಳಗುವ ಲಕ್ಷಣ ಕಂಡ ಕೂಡಲೇ ಬೇರೆ ಅಂಗಡಿ ಹಿಡಿಯತಕ್ಕದ್ದು. ಎಂ.ಎಸ್ಸಿ. ಪದವೀಧರ ಶ್ರೀ ಅರುಣಕುಮಾರ್ ಹದಿನೈದು ದಿನದ ಮಟ್ಟಿಗೆಂದು ಕೊಟ್ಟೂರಿನ ಮಿರ್ಚಿ ಬಜ್ಜಿ ಬಂಡಿಗೆ ನಿಂತು ನಾಲ್ಕು ವರ್ಷವಾಗಿದ್ದು, ಈಗ ಊರು ಬೇರೆಡೆ ಮಿರ್ಚಿ ತಿನ್ನುವುದನ್ನೇ ಬಿಟ್ಟಿದೆ. ಸಾಕ್ಷ್ಯವಾಗಿ ತರಿಸಿದ ಮಿರ್ಚಿಗಳು ಪರಿಶೀಲನೆಯ ಹಂತದಲ್ಲೇ ಖರ್ಚಾಗಿವೆ.

2. ಸ್ಟೂಲಿನ ಮೇಲೆ ಮಾತ್ರ ಕೂರತಕ್ಕದ್ದು. ಬೆನ್ನಿಗೆ ಆಸರೆಯಿರುವ ಕುರ್ಚಿಯನ್ನು ಕಾಯಂ ನೌಕರಿ ಎಂದೇ ಪರಿಗಣಿಸಲಾಗುವುದು. ಗೋಡೆಗೆ ಒರಗಿದಲ್ಲಿ ಗೋಡೆಗೂ ಇದು ಅನ್ವಯಿಸುತ್ತದೆ.

3. ನೆಂಟರು "ಇನ್ನೂ ಅಲ್ಲೇ ಅದೀಯೇನವ್ವಾ?" ಎಂದು ವಿಚಾರಿಸಿದಾಗ "ಸದ್ಯಕ್ಕ ಅದೀನ್ರಿ" ಎಂದಷ್ಟೇ ಹೇಳತಕ್ಕದ್ದು. ಒಂದು 'ಸದ್ಯಕ್ಕ'ದ ಅವಧಿ ಹನ್ನೊಂದು ತಿಂಗಳು. ನಂತರ ಸೋದರಮಾವನ ಸಮಕ್ಷಮದಲ್ಲಿ ನವೀಕರಿಸತಕ್ಕದ್ದು. ಮೂರನೇ ನವೀಕರಣದ ಬಳಿಕ ಉತ್ತರ ಹೇಳುವ ಹೊಣೆ ತಾಯಿಯವರಿಗೆ ವರ್ಗಾವಣೆಯಾಗುತ್ತದೆ.

4. ಮಾಲೀಕರು ಹೊಗಳಕೂಡದು. ಶ್ರೀ ಗಾದೆಪ್ಪನವರು "ನೀ ಇಲ್ಲಂದ್ರ ಅಂಗಡಿ ನಡ್ಯಂಗಿಲ್ಲವ್ವಾ" ಎಂದು ಎರಡು ಸಲ ಅಂದಿರುವುದು ದಾಖಲಾಗಿದೆ. ಇನ್ನು ಮುಂದೆ ಅವರು ದಿನಕ್ಕೊಂದು ತಪ್ಪು ಹುಡುಕಿ ಗೊಣಗತಕ್ಕದ್ದು. ತಪ್ಪು ಸಿಗದ ದಿನ ಫ್ಯಾನಿನ ಮೇಲೆ ಗೊಣಗಲು ಅನುಮತಿಸಲಾಗಿದೆ.

5. ಶನಿವಾರ ಸಂಜೆ ನಾಲ್ಕರಿಂದ ಐದರವರೆಗೆ ಸದರಿ ಅಂಗಡಿಯ ಮುಂದೆ ಯಾರೂ ಸುಳಿಯಕೂಡದು. ಆಧಾರ್ ಪ್ರತಿ ಬೇಕಾದವರು ಆ ಒಂದು ತಾಸು ತಮ್ಮ ಗುರುತನ್ನು ಮುಖದಿಂದಲೇ ಸಾಬೀತುಪಡಿಸತಕ್ಕದ್ದು. ಕು. ಶಾಂಭವಿಯವರು ಆ ವೇಳೆಯಲ್ಲಿ ತಮ್ಮ ಅರ್ಜಿಯನ್ನೇ ತುಂಬತಕ್ಕದ್ದು. ಮನಸ್ಸು ಒಪ್ಪದಿದ್ದಲ್ಲಿ ಹೊರಗೆ ಹೋಗಿ ಸಾಲಿನಲ್ಲಿ ಒಬ್ಬರೇ ನಿಂತು, ಸರದಿ ಬಂದಾಗ ಒಳಗೆ ಬರಬಹುದು.

ಸಹಿ/-
(ಯರ್ರಿಸ್ವಾಮಿ)
ಪ್ರಭಾರ ಅಧಿಕಾರಿ
(ಸದ್ಯಕ್ಕೆ; ಒಂಬತ್ತನೇ ವರ್ಷ)

ಪ್ರತಿಗಳು:
1. ಐದೂ ಊರುಗಳ ಬಸ್ ನಿಲ್ದಾಣಗಳಿಗೆ, ಮೈಕಿನಲ್ಲಿ ಓದಲು.
2. ಶ್ರೀಮತಿ ನೀಲಗಂಗಮ್ಮನವರಿಗೆ, ಮೂರನೇ ದೂರನ್ನು ಕೈಬಿಡುವ ಕೋರಿಕೆಯೊಂದಿಗೆ.
3. ಶ್ರೀ ಅರುಣಕುಮಾರ್ ಅವರಿಗೆ, ಪರಿಶೀಲನೆ ಅಪೂರ್ಣವಾಗಿರುವುದರಿಂದ ಇನ್ನೊಂದು ಪ್ಲೇಟ್ ಕಳುಹಿಸಲು.
4. ಕು. ಶಾಂಭವಿಯವರಿಗೆ, ಈ ಸುತ್ತೋಲೆಯ ಮುನ್ನೂರ ಹನ್ನೆರಡು ಜೆರಾಕ್ಸ್ ಪ್ರತಿಗಳನ್ನು ತೆಗೆದುಕೊಡಲು. ಶನಿವಾರ ಸಂಜೆ ನಾಲ್ಕರಿಂದ ಐದರವರೆಗೆ ಅಂಗಡಿಯಲ್ಲಿ ಬೇರೆ ಯಾರೂ ಇರುವುದಿಲ್ಲವಾದ್ದರಿಂದ, ಈ ಕೆಲಸಕ್ಕೆ ಅದೇ ವೇಳೆಯನ್ನು ನಿಗದಿಪಡಿಸಲಾಗಿದೆ.