ಮಫ್ಲರ್ ಆದ ಶಾಲು

ಶ್ರೀಕಂಠಯ್ಯನವರು ಹೇಡಿ. ಇದನ್ನು ನಯವಾಗಿ ಹೇಳಲು ಬರುವುದಿಲ್ಲ. ಹಲ್ಲಿಗೆ ಹೆದರುತ್ತಿದ್ದರು, ಗುಡುಗಿಗೆ ಹೆದರುತ್ತಿದ್ದರು, ಕಚೇರಿಯ ಸಾಹೇಬರ ಬೂಟಿನ ಸದ್ದಿಗೂ ಹೆದರುತ್ತಿದ್ದರು. ಬೀದಿನಾಯಿ ಕಂಡರಂತೂ ಜೀವ ಬಾಯಿಗೆ ಬರುತ್ತಿತ್ತು. ಎಂಟು ವರ್ಷದವರಿದ್ದಾಗ ಗುಬ್ಬಿಯಲ್ಲಿ ನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡವರು ಅವರು. ಇನ್ನು ಹೆಂಡತಿ ಕೌಸಲ್ಯಮ್ಮನವರನ್ನು ಈ ಸಾಲಿನಲ್ಲಿ ಸೇರಿಸಿದರೆ ಉಳಿದವಕ್ಕೆ ಅವಮಾನ!

ಕೌಸಲ್ಯಮ್ಮನವರು ತುಮಕೂರಿನಲ್ಲಿ ಶಾಲಾ ಉಪಾಧ್ಯಾಯಿನಿ. ಮುನ್ನೂರು ಹುಡುಗಿಯರು ಅವರಿಗೆ ಹೆದರುತ್ತಿದ್ದರು. ಅವರು ಹೆದರುತ್ತಿದ್ದುದು ಹೆಡ್‌ಮಿಸ್ ಸರಸ್ವತಮ್ಮನವರೊಬ್ಬರಿಗೆ. ಆ ಸರಸ್ವತಮ್ಮನವರು ೧೯೮೩ರಲ್ಲಿ ನಿವೃತ್ತರಾಗಿ ಸ್ವಂತ ಊರು ಕುಣಿಗಲ್ಲಿಗೆ ಹೊರಡುವುದು ಗೊತ್ತಾದಾಗ ಕೌಸಲ್ಯಮ್ಮ ಇಡೀ ಸ್ಟಾಫ್‌ರೂಮಿಗೆ ಸವಾಲು ಹಾಕಿ ಬಂದಿದ್ದರು. "ಬೆಳ್ಳಿ ತಟ್ಟೆ ಯಾರು ಬೇಕಾದ್ರೂ ಕೊಡ್ತಾರೆ. ನಾನು ನನ್ನ ಕೈಯಾರೆ ಹೆಣೆದ ಶಾಲು ಹೊದಿಸ್ತೀನಿ!"

ಎರಡು ತಿಂಗಳು ಹೆಣೆದರು. ದಾಳಿಂಬೆ ಬಣ್ಣದ ಉಲ್ಲನ್. ಅಂಗಡಿಯಲ್ಲಿ ಆ ಬಣ್ಣ ಅಷ್ಟೇ ಇದ್ದದ್ದು. ಬೀಳ್ಕೊಡುಗೆಯ ಹಿಂದಿನ ದಿನ ಶಾಲಿಗೆ ಅಂಚು ಮಾತ್ರ ಬಾಕಿ. ಕೊನೆಯ ಕುಣಿಕೆಯಲ್ಲಿ ಕ್ರೋಷಾ ಕಡ್ಡಿ ಸಿಕ್ಕಿಸಿ, ಶಾಲನ್ನು ಕುರ್ಚಿಯ ಮೇಲಿಟ್ಟು ಶಾಲೆಗೆ ಹೊರಟರು.

"ರೀ, ರಜಾ ಹಾಕಿ ಮನೇಲಿದೀರ ಅಂತ ಆ ಕುರ್ಚಿ ಹತ್ರ ಸುಳೀಬೇಡಿ."

"ನಾನೇನು ಮಗುವೇನೇ? ನಾನಿರೋವಾಗ ಆ ಶಾಲಿನ ಒಂದು ಎಳೆ ಕದಲಲಿ, ನೋಡೋಣ!"

ಮೂರು ಗಂಟೆಗೆ ಹಾಲು ತರಲು ಹೊರಟಾಗ ಶ್ರೀಕಂಠಯ್ಯನವರ ಕೈಗೆ ಸಿಕ್ಕಿದ್ದು ಒಗೆದಿಟ್ಟ ಪೈಜಾಮ. ಅದರ ಲಾಡಿ ಕಳಚಿ ಬಂದಿತ್ತು. ಪಿನ್ನು ಹುಡುಕಿದರು, ಸಿಗಲಿಲ್ಲ. ಕಣ್ಣು ಕುರ್ಚಿಯ ಮೇಲೆ ಬಿತ್ತು. ಲಾಡಿ ಪೋಣಿಸಲೆಂದೇ ದೇವರು ಮಾಡಿಟ್ಟಂಥ ಕಡ್ಡಿ! ಎಳೆದುಕೊಂಡರು. ಲಾಡಿಯನ್ನು ಅದಕ್ಕೆ ಗಂಟು ಹಾಕಿ ಪೈಜಾಮದ ಸೊಂಟದ ಮಡಿಕೆಯೊಳಗೆ ತೂರಿಸಿ ಈಚೆಗೆ ತೆಗೆದರು. ಗಂಟು ಮಾತ್ರ ಬಿಚ್ಚಲಿಲ್ಲ. ಇರಲಿ ಎಂದು ಕಡ್ಡಿಸಮೇತ ಸೊಂಟಕ್ಕೆ ಸಿಕ್ಕಿಸಿಕೊಂಡು ವೀರನಂತೆ ಹೊರಟರು.

ಕಡ್ಡಿ ಕಳಚಿದ ಕುಣಿಕೆಗೆ ಹಿಡಿತವಿಲ್ಲ, ಎಳೆದಷ್ಟೂ ಬಿಚ್ಚುತ್ತದೆ ಎಂಬುದು ಅವರಿಗೆ ತಿಳಿಯದು. ವಾಚಿನ ಸ್ಟೀಲ್ ಚೈನಿಗೆ ಉಲ್ಲನ್ ಸಿಕ್ಕಿಕೊಂಡಿದೆ ಎಂಬುದೂ ತಿಳಿಯದು. ತಮ್ಮ ಬಡಾವಣೆ ಶೆಟ್ಟಿಹಳ್ಳಿಯ ಎರಡು ಬೀದಿ ದಾಟಿ ಹಾಲಿನ ಬೂತಿಗೆ ಹೋದರು. ವಾಪಸು ಬರುವಾಗ ದೂರದಿಂದಲೇ ನೋಡುತ್ತಾರೆ, ಮನೆಯ ಗೇಟಿನ ಮುಂದೆ ಕರಿಯ! ಬೀದಿಯಲ್ಲೆಲ್ಲ ಹೆಸರಾದ ನಾಯಿ. ತಕ್ಷಣ ತಿರುಗಿ ಹಿಂದಿನ ಗಲ್ಲಿ ಹಿಡಿದು ಹಿತ್ತಿಲ ಬಾಗಿಲಿಂದ ಒಳಗೆ ಬಂದರು.

ಕುರ್ಚಿಯ ಮೇಲೆ ಶಾಲಿರಲಿಲ್ಲ. ಮಫ್ಲರ್ ಇತ್ತು.

ಶ್ರೀಕಂಠಯ್ಯನವರು ಬಗ್ಗಿ ನೋಡಿದರು. ಮಫ್ಲರಿನ ತುದಿಯಿಂದ ಹೊರಟ ಉಲ್ಲನ್ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಗೇಟಿನಡಿ ನುಸುಳಿ, ಹೊರಗೆ ಗೇಟಿಗೇ ಆತುಕೊಂಡು ಮಲಗಿದ್ದ ಕರಿಯನ ಹೊಟ್ಟೆಯಡಿ ಮಾಯವಾಗಿತ್ತು.

ಪಾತ್ರೆ ತೊಳೆಯುವ ಕದರಮ್ಮ ಬಂದು ಒಮ್ಮೆ ನೋಡಿದಳು. "ಅಯ್ಯೋ ಶಿವನೇ! ಇದೇನ್ ಅಯ್ನೋರೇ ಇದು?"

"ಮೆತ್ತಗೆ ಮಾತಾಡೇ! ಇದನ್ನ ಮತ್ತೆ ಹೆಣೆಯೋಕೆ ಬರುತ್ತಾ ನಿಂಗೆ?"

"ನಂಗೆ ಚಾಪೆ ಹಾಸೋಕ್ ಬತ್ತದೆ. ದಾರ ಎಳ್ಕೊಳ್ಳಿ ಮೊದ್ಲು."

ಶ್ರೀಕಂಠಯ್ಯನವರು ಬಾಗಿಲ ಸಂದಿಯಿಂದ ಎರಡು ಬೆರಳಲ್ಲಿ ಎಳೆದರು. ಕರಿಯ ಕಣ್ಣು ಬಿಡದೆಯೇ ಗುರ್ರೆಂದ. ಬಾಗಿಲಿಗೆ ಚಿಲಕ ಬಿತ್ತು.

"ನೀನು ಹೋಗಿ ಓಡ್ಸೇ ಕದರಮ್ಮ."

"ನಾನಾ? ಹೋದ್ ವಾರ ನನ್ನ ಸೀರೆ ಸೀಳಿದ್ದೇ ಅದು. ಆಮೇಲೆ ಅಯ್ನೋರೇ, ಈಗ್ಲೇ ಹೇಳ್ಬುಡ್ತೀನಿ, ಆವತ್ತು ಗಾಜಿನ ಜಗ್ ಒಡೆದೋರು ನೀವು, ಬೈಸ್ಕೊಂಡೋಳು ನಾನು. ಈ ಸಲ ಆಗಾಕಿಲ್ಲ!"

"ಛೆ, ಛೆ! ಬೆಕ್ಕಿಲ್ಲವೇ? ಬೆಕ್ಕು ಅಂದ್ರಾಯ್ತು."

ನಾಲ್ಕೂ ಮುಕ್ಕಾಲಿಗೆ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ಎಂದೂ ಹಿತ್ತಿಲಿಂದ ಬರದ ಕೌಸಲ್ಯಮ್ಮ ಆ ದಿನ ಹಿತ್ತಿಲಿಂದ ಬಂದರು. ಕುರ್ಚಿಯನ್ನು ನೋಡಿದರು. ಗಂಡನನ್ನು ನೋಡಿದರು. ಅವರ ದನಿ ಏರಲಿಲ್ಲ. ಶ್ರೀಕಂಠಯ್ಯನವರಿಗೆ ಹೆಚ್ಚು ಭಯವಾಗಿದ್ದು ಅದಕ್ಕೇ.

"ಇದು ಯಾರ ಕೆಲಸ?"

"ಬೆ... ಬೆಕ್ಕು ಕಣೇ. ಮೂರು ಗಂಟೆ ಹೊತ್ತಿಗೆ. ದೊಡ್ಡ ಬೆಕ್ಕು."

ಕೌಸಲ್ಯಮ್ಮ ಕೈಚೀಲದಿಂದ ತೆಂಗಿನಕಾಯಿ ಗಾತ್ರದ ದಾಳಿಂಬೆ ಬಣ್ಣದ ಉಂಡೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಬೂತಿನ ಹತ್ರ ಬಸ್ಸಿಳಿದೆ. ಅಲ್ಲಿಂದ ಸುತ್ತಿಕೊಂಡೇ ಬಂದಿದೀನಿ. ಬೀದಿಯವರೆಲ್ಲ ನಿಂತು ನೋಡಿದ್ರು. ಏನ್ರೀ, ನಿಮ್ಮ ಬೆಕ್ಕು ಹಾಲು ತರೋಕೆ ಬೂತಿಗೆ ಹೋಗಿತ್ತಾ?"

ಕದರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಬೆಕ್ಕಿನ ಕೈಲಿ ವಾಚೂ ಐತೆ ನೋಡಿ ಅಮ್ಮಾವ್ರೇ!"

ಶ್ರೀಕಂಠಯ್ಯನವರ ಮಣಿಕಟ್ಟಿನಲ್ಲಿ, ವಾಚಿನ ಚೈನಿಗೆ ಸಿಕ್ಕಿ ತುಂಡಾದ ಒಂದು ಗೇಣು ಉಲ್ಲನ್ ಜೋತಾಡುತ್ತಿತ್ತು.

"ಕಡ್ಡಿ ಎಲ್ಲಿ?"

ಅವರು ಸೊಂಟ ತೋರಿಸಿದರು. ಕೌಸಲ್ಯಮ್ಮ ಕತ್ತರಿ ತಂದು ಗಂಟಿನ ಬುಡಕ್ಕೆ ಲಾಡಿಯನ್ನು ಕತ್ತರಿಸಿ ಕಡ್ಡಿ ತೆಗೆದುಕೊಂಡರು. ಲಾಡಿಯ ತುದಿ ಮಡಿಕೆಯೊಳಗೆ ಜಾರಿತು; ಶ್ರೀಕಂಠಯ್ಯನವರು ಎರಡೂ ಕೈಯಲ್ಲಿ ಪೈಜಾಮ ಹಿಡಿದು ನಿಂತರು.

ಕೌಸಲ್ಯಮ್ಮ ಕುಳಿತು ಮಫ್ಲರಿನ ಕುಣಿಕೆಗೆ ಕಡ್ಡಿ ಹಾಕಿದರು. ಉಂಡೆಯನ್ನು ಕೈಯಲ್ಲಿ ತೂಗಿ ನೋಡಿದರು. ಇದ್ದಕ್ಕಿದ್ದಂತೆ ಅವರ ಮುಖ ಇಳಿಯಿತು.

"ಇಷ್ಟು ಸಾಲದು ರೀ. ಮಿಕ್ಕಿದ್ದನ್ನ ಆ ನಾಯಿ ಎಳೆದು ಗುಡ್ಡೆ ಮಾಡ್ಕೊಂಡು ಮೇಲೆ ಮಲಗಿದೆ. ಹತ್ರ ಹೋದೆ, ಹಲ್ಲು ಬಿಡ್ತು. ಹೆದರಿ ಅಲ್ಲೇ ದಾರ ಹರ್ಕೊಂಡು ಹಿಂದಿನಿಂದ ಬಂದೆ." ಉಂಡೆಯನ್ನು ಕೆಳಗಿಟ್ಟು, "ನಾಳೆ ಹೆಡ್‌ಮಿಸ್ ಮುಂದೆ ಮೊಳ ಕಡಿಮೆ ಶಾಲು ಹಿಡಿದು ಹೇಗೆ ನಿಂತ್ಕೊಳ್ಳಲಿ?" ಎಂದರು. ದನಿಯಲ್ಲಿ ಮೂರನೇ ಕ್ಲಾಸಿನ ಹುಡುಗಿಯ ಅಳುಕಿತ್ತು.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ದನಿಯನ್ನು ಶ್ರೀಕಂಠಯ್ಯನವರು ಕೇಳಿರಲಿಲ್ಲ. ಮೂಲೆಯಲ್ಲಿದ್ದ ಕೊಡೆ ನೋಡಿದರು. ಅದನ್ನು ಹಿಡಿಯಲು ಬಿಡುವಾದ ಕೈ ಇರಲಿಲ್ಲ. ಒಂದು ಪೈಜಾಮಕ್ಕೆ, ಇನ್ನೊಂದು ಉಲ್ಲನ್ನಿಗೆ ಬೇಕಲ್ಲ!

ಚಿಲಕ ತೆಗೆದು ಮೆಟ್ಟಿಲಿಳಿದರು. ಕರಿಯ ತಲೆಯೆತ್ತಿದ.

"ಏಳಪ್ಪಾ," ಎಂದರು ಶ್ರೀಕಂಠಯ್ಯನವರು, ಹಲ್ಲು ಕಟಕಟ ಎನ್ನುತ್ತಿರುವಾಗ, ಒಂದೇ ಕೈಯಲ್ಲಿ ಗೇಟಿನ ಅಗಳಿ ತೆಗೆಯುತ್ತ. "ಸ್ವಲ್ಪ ಏಳು. ನೀನು ಮಲಗಿರೋದು ನಮ್ಮನೆಯವಳ ಶಾಲಿನ ಮೇಲೆ."