ಒಂದು ನಾಣ್ಯಕ್ಕಾಗಿ ಕಾದ ಬೇಲಿ

ರಷ್ಯಾ–ಬೆಲಾರಸ್ ಒಕ್ಕೂಟ ರಾಜ್ಯದ ಮಾನ್ಯ ಹಿರಿಯರೇ,

ಸಿಡ್ನಿಯ ಕೆಲ್ಲಿವಿಲ್‌ನಿಂದ ಭಾಗೀರಥಿಯ ನಮಸ್ಕಾರಗಳು. ಈ ಫೆಬ್ರವರಿಯಲ್ಲಿ ನಾವಿಲ್ಲಿ ಸೆಕೆಗೆ ಬೇಯುತ್ತಿದ್ದರೂ, ತಾವು ತಮ್ಮ ಎರಡೂ ರಾಜಧಾನಿಗಳಲ್ಲಿ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ದೊಡ್ಡವರೆದುರು ಬಾಯಿ ಬಾರದವಳಾದ್ದರಿಂದ, ಐದನೇ ತರಗತಿಯವರೆಗೆ ಕಲಿತ ಅಕ್ಷರಗಳನ್ನೇ ನೆಚ್ಚಿ ಬರೆಯುತ್ತಿದ್ದೇನೆ.

ನಾವು ರೆಂಟ್‌ಗೆ ಇರುವುದು ಬೆಲಾರಸ್‌ನಿಂದ ಬಂದ ಗಲೀನಾ ಆಂಟಿಯ ಮನೆಯಲ್ಲಿ. ಅವರ ಹಿತ್ತಿಲಿಗೆ ಬೆನ್ನು ತಾಗಿಸಿಕೊಂಡಿರುವುದು ರಷ್ಯಾದ ವಿಕ್ಟರ್ ಅಂಕಲ್ ಅವರ ಹಿತ್ತಿಲು. ನಡುವೆ ಮರದ ಬೇಲಿ. ತಾವು ಎರಡು ದೇಶಗಳ ಒಕ್ಕೂಟದ ಒಪ್ಪಂದಕ್ಕೆ ಸಹಿ ಹಾಕಿದ ವರ್ಷ, ಎರಡು ದೇಶಕ್ಕೂ ಒಂದೇ ನಾಣ್ಯ ಬಂದ ದಿನ ಈ ಬೇಲಿಯನ್ನೂ ಕಿತ್ತುಹಾಕುವುದೆಂದು ಇಬ್ಬರೂ ಮಾತು ಕೊಟ್ಟುಕೊಂಡರಂತೆ. ತಾವು ೨೦೦೫ ಎಂದಿರಿ, ಆಮೇಲೆ ೨೦೦೬ ಎಂದಿರಿ, ಮತ್ತೆ ೨೦೦೮ ಎಂದಿರಿ. ೨೦೦೮ ಬಂದಿದೆ, ನಾಣ್ಯ ಬಂದಿಲ್ಲ. ಇಲ್ಲಿನ ಕೌನ್ಸಿಲ್‌ನವರು ಕಸದ ಲಾರಿ ಮಂಗಳವಾರ ಬರುತ್ತದೆಂದರೆ ಮಂಗಳವಾರವೇ ಕಳಿಸಿಬಿಡುತ್ತಾರೆ. ಅಂಥ ದುಡುಕು ತಮ್ಮಲ್ಲಿ ಲವಲೇಶವೂ ಇಲ್ಲದಿರುವುದನ್ನು ಕಂಡು ನನ್ನ ಗೌರವ ವರ್ಷವರ್ಷವೂ ಹೆಚ್ಚುತ್ತಿದೆ.

ತೊಂದರೆ ಚದುರಂಗದ್ದು. ಮಣೆ ಆಂಟಿಯ ಕಡೆ ಇರುತ್ತಿತ್ತು. ಅಂಕಲ್ ಸ್ಟೂಲ್ ಹತ್ತಿ, ಬೇಲಿಯ ಮೇಲಿಂದ ತಲೆ ಹಾಕಿ ಆಡುತ್ತಿದ್ದರು. ಕಳೆದ ತಿಂಗಳು ಜಾರಿ ಬಿದ್ದರು, ಕಾಲಿಗೆ ಪ್ಲಾಸ್ಟರ್. ಆಂಟಿಗೆ ಮಂಡಿನೋವು. ಅಂಕಲ್‌ಗೆ ಫೋನಿನಲ್ಲಿ ಮಾತು ಕೇಳಿಸದು. ಹೀಗಾಗಿ ಅವರ ನಡೆಗಳನ್ನು ಹೊರುವವಳು ನಾನು: ಒಂದು ಕುದುರೆಯ ಸುದ್ದಿ ತಲುಪಿಸಲು ಬಸ್ ಸ್ಟಾಪ್ ದಾಟಿ, ಎರಡು ಬೀದಿ ಸುತ್ತಿ ಹತ್ತು ನಿಮಿಷ ನಡೆಯುತ್ತೇನೆ. ಬೇಲಿ ತೆಗೆಯಬಾರದೇ ಎಂದರೆ ಆಂಟಿ, "ಮೊದಲು ಅವನ ದೇಶದವರು ಒಪ್ಪಲಿ ಕಣಮ್ಮ" ಎನ್ನುತ್ತಾರೆ, ಅಂಕಲ್, "ಪ್ರಾಮಿಸ್ ಅಂದ್ರೆ ಪ್ರಾಮಿಸ್, ನಾನ್ಯಾಕೆ ಮುರೀಲಿ?" ಎನ್ನುತ್ತಾರೆ.

ಮುಂದಿನ ತಿಂಗಳು ಆಂಟಿ ಮೆಲ್ಬರ್ನ್‌ನ ಮಗಳ ಮನೆಗೆ ಹೊರಟುಹೋಗುತ್ತಾರೆ, ವಾಪಸ್ ಬರುವುದಿಲ್ಲ. ಅಷ್ಟರೊಳಗೆ ಇಬ್ಬರೂ ಒಮ್ಮೆಯಾದರೂ ಒಂದೇ ಮೇಜಿಗೆ ಕೂತು ಆಡಬೇಕೆಂಬುದು ನನ್ನ ಆಸೆ. ಆದಕಾರಣ ತಾವು ದಯಮಾಡಿ ಒಂದೇ ಒಂದು ನಾಣ್ಯ ಮುದ್ರಿಸಿ ಅಂಚೆಯಲ್ಲಿ ಕಳಿಸಬೇಕು. ಆಗದಿದ್ದರೆ ಈ ಎರಡು ಹಿತ್ತಿಲುಗಳನ್ನು ತಮ್ಮ ಒಕ್ಕೂಟದ ಮೊದಲ ಜಿಲ್ಲೆಯೆಂದು ಘೋಷಿಸಿ, ಹೇಗೂ ಓಡಾಡುತ್ತಿರುವ ನನ್ನನ್ನೇ ಗಡಿ ಅಧಿಕಾರಿಯಾಗಿ ನೇಮಿಸಬೇಕು. ಅದೂ ಆಗದಿದ್ದರೆ, ತಾವು ಇಷ್ಟು ಸಲೀಸಾಗಿ ಮಾಡುವ ಮುಂದೂಡಿಕೆಗಳಲ್ಲಿ ಒಂದನ್ನು ಆಂಟಿಯ ಪ್ರಯಾಣಕ್ಕೂ ದಯಪಾಲಿಸಬೇಕು.

ಇಂತಿ, ದಿನಕ್ಕೆ ಆರು ಸಲ ನಡೆಯುತ್ತಲೇ ತಮ್ಮನ್ನು ನೆನೆಯುವ
ತಮ್ಮ ವಿಶ್ವಾಸಿ,
ಭಾಗೀರಥಿ

ಮರೆತ ಮಾತು: ಈ ಪತ್ರವನ್ನು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಇಬ್ಬರಿಗೂ ಓದಿ ಹೇಳಿದೆ. ಆಂಟಿ ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟರು. ಮೂರು ಹಲಗೆ ಕೀಳಲು ಹನ್ನೊಂದು ನಿಮಿಷ ಹಿಡಿಯಿತು. ಅಂಕಲ್ ಊರುಗೋಲಿನಲ್ಲಿ ದಾಟಿ ಬಂದು ಮೇಜಿಗೆ ಕೂತವರೇ, ತಮ್ಮ ಕುದುರೆಯನ್ನು ನಾನು ಮೂರು ವಾರದಿಂದ ತಪ್ಪು ಮನೆಯಲ್ಲಿ ನಿಲ್ಲಿಸಿದ್ದೇನೆಂದು ರೇಗಿದರು. ತಾವು ಮಾತ್ರ ಆತುರಪಡಬೇಡಿ. ನಾಣ್ಯ ಬಂದ ದಿನ ಒಂದು ಮಾತು ತಿಳಿಸಿದರೆ, ಆ ಹಲಗೆಗಳನ್ನು ಮತ್ತೆ ಜಡಿದು, ತಮ್ಮ ಗೌರವಾರ್ಥ ಇನ್ನೊಮ್ಮೆ ಕೀಳುತ್ತೇವೆ.