ಪಥ್ಯ ಅವರದು, ತೂಕ ನನ್ನದು

ನನ್ನ ತೂಕದ ಬಗ್ಗೆ ಯಾರಾದರೂ ಮಾತೆತ್ತಿದರೆ ನನಗೆ ಸಿಟ್ಟು ಬರುತ್ತದೆ. ದಪ್ಪ ಅಂದರೆಂದು ಅಲ್ಲ, ಕನ್ನಡಿ ನಮ್ಮ ಮನೆಯಲ್ಲೂ ಇದೆ. ಈ ಎಪ್ಪತ್ತೆಂಟು ಕಿಲೋದಲ್ಲಿ ನಾನಾಗಿ ಆಸೆಪಟ್ಟು, ಬಿಸಿಬಿಸಿ ಇರುವಾಗಲೇ ತಿಂದು ಗಳಿಸಿದ್ದು ಎಷ್ಟು ಎಂದು ಯಾರೂ ಕೇಳುವುದಿಲ್ಲವಲ್ಲ, ಅದಕ್ಕೆ ಸಿಟ್ಟು. ಹೆಚ್ಚೆಂದರೆ ಹತ್ತು ಕಿಲೋ ಇದ್ದೀತು. ಮಿಕ್ಕದ್ದರಲ್ಲಿ ಒಂದಷ್ಟು ನಮ್ಮತ್ತೆಯವರದು, ಒಂದಷ್ಟು ಮಕ್ಕಳದು, ಎಲ್ಲಕ್ಕಿಂತ ಹೆಚ್ಚು ನಮ್ಮ ಯಜಮಾನರದು. ಅವರೆಲ್ಲ ತಾಟಿನಲ್ಲಿ ಬಿಟ್ಟು ಎದ್ದದ್ದನ್ನು ನಾನು ಮೈಮೇಲೆ ಹೊತ್ತುಕೊಂಡು ಓಡಾಡುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ಆಳಂದ ಕಡೆಯ ಹಳ್ಳಿಯಿಂದ ಜೇವರ್ಗಿಗೆ ಸೊಸೆಯಾಗಿ ಬಂದಾಗ ನಾನು ಎಷ್ಟು ತೆಳ್ಳಗಿದ್ದೆನೆಂದರೆ, ಕುಪ್ಪಸದ ಬಟ್ಟೆ ಕೊಟ್ಟಾಗ ದರ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ಇದರಾಗ ಎರಡು ಕುಪ್ಪಸ ಆಗ್ತಾವ್ರಿ" ಅಂದಿದ್ದ. ಆ ದರ್ಜಿ ಈಗ ನನ್ನನ್ನು ಕಂಡರೆ ಬಟ್ಟೆ ಸಾಲದು ಎನ್ನುತ್ತಾನೆ. ನಮ್ಮತ್ತೆ ಕೆಟ್ಟವರೇನೂ ಅಲ್ಲ. ಬರ ಕಂಡವರು, ಕಾಳು ಕಾಳಿಗೂ ಕೈಮುಗಿದವರು. ಅವರ ಮನೆಯಲ್ಲಿ ಅನ್ನವೆಂದರೆ ಪ್ರಸಾದ, ಪ್ರಸಾದ ಕೆಡಿಸಿದರೆ ಪಾಪ. ಸರಿ, ಆದರೆ ಆ ಪಾಪದಿಂದ ಮನೆಯವರನ್ನೆಲ್ಲ ಉಳಿಸುವ ಕೆಲಸ ನನ್ನೊಬ್ಬಳದೇ ಹೇಗಾಯಿತು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ಮಠದಲ್ಲಿ ಸ್ವಾಮಿಗಳ ಎದುರು ಕೂತಾಗ ತಾಟು ತೊಳೆದು ಆ ನೀರನ್ನೂ ಕುಡಿಯುತ್ತಿದ್ದ ನಮ್ಮ ಮನೆಯ ಗಂಡಸರು, ಮನೆಗೆ ಬಂದರೆ ಅರ್ಧ ರೊಟ್ಟಿ, ಮೂರು ತುತ್ತು ಪುಂಡಿಪಲ್ಯ ಬಿಟ್ಟು ಧಡಕ್ಕನೆ ಏಳುತ್ತಿದ್ದರು. ಅತ್ತೆಯವರು ಆ ತಾಟನ್ನು ನನ್ನತ್ತ ಸರಿಸಿ, "ಕೆಡಸಬ್ಯಾಡಬೇ, ನೀನ ತಿಂದ ಮುಗಸು" ಅನ್ನುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, "ಎಮ್ಮಿಗಿ ಹಾಕ್ಲೇನ್ರಿ ಅತ್ತಿ?" ಎಂದು ಕೇಳಿದೆ. "ಎಮ್ಮಿಗಿ ಮುಸುರಿ ಅದ" ಅಂದರು. ಎಮ್ಮೆಗೆ ಗೊತ್ತುಮಾಡಿದ ಊಟವಿತ್ತು, ನನಗಿರಲಿಲ್ಲ.

ರೊಟ್ಟಿಯ ಮಾತು ಬಂತು, ಹೇಳಿಯೇಬಿಡುತ್ತೇನೆ. ಹಂಚು ಕಾಯುವ ಮೊದಲು ಹಾಕಿದ ಮೊದಲನೆಯ ರೊಟ್ಟಿ ಬಿಳುಚಿಕೊಳ್ಳುತ್ತದೆ, ಅದು ನನ್ನದು. ಕೊನೆಗೆ ಉಳಿದ ಹಿಟ್ಟಿನದು ಅಂಗೈಯಗಲ ಆಗುತ್ತದೆ, ಅದೂ ನನ್ನದು. ನಡುವೆ ಕೂಸು ಅತ್ತಿತೆಂದು ಎದ್ದು ಬರುವುದರೊಳಗೆ ಸೀದದ್ದಂತೂ ಕೇಳಲೇಬೇಡಿ. ಬಾಣಂತನದಲ್ಲಿ ಮಾತ್ರ ಮೂರು ತಿಂಗಳು ತುಪ್ಪ, ಅಂಟಿನುಂಡೆ, ಬಿಸಿ ಅನ್ನ. ಆಹಾ, ನನಗೂ ಒಂದು ಕಾಲ ಬಂತು ಎಂದು ಉಂಡೆಗೆ ಕೈ ಹಾಕಿದರೆ ಅತ್ತೆಯವರು, "ಕೂಸಿನ ಸಲುವಾಗಿ ತಿನ್ನಬೇ" ಅಂದುಬಿಟ್ಟರು. ಅದೂ ನನಗೆ ಬಂದದ್ದಲ್ಲ. ಆಮೇಲೆ ಕೂಸು ದೊಡ್ಡದಾಗಿ, ಕಚ್ಚಿ ಬಿಟ್ಟ ಬಾಳೆಹಣ್ಣು, ಕಲಸಿ ಬಿಟ್ಟ ಹಾಲನ್ನ, ನೆಕ್ಕಿ ಬಿಟ್ಟ ಬೆಲ್ಲ ಎಲ್ಲ ನನ್ನ ಪಾಲಿಗೆ ಬಂದವು. ಎರಡು ಮಕ್ಕಳು ಬೆಳೆಯುವುದರೊಳಗೆ ನಾನು ಅವರಿಬ್ಬರಿಗಿಂತ ಹೆಚ್ಚು ಬೆಳೆದಿದ್ದೆ.

ಇನ್ನು ನಮ್ಮ ಯಜಮಾನರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮದುವೆಯಾದ ಹೊಸತರಲ್ಲಿ ಏಳೆಂಟು ರೊಟ್ಟಿಯನ್ನು ಶೇಂಗಾ ಚಟ್ನಿಪುಡಿ, ಮೊಸರಿನ ಜೊತೆ ಹೇಳಹೆಸರಿಲ್ಲದೆ ಮುಗಿಸುತ್ತಿದ್ದರು. ಮೂವತ್ತು ದಾಟಿ ಬಡ್ತಿ ಬಂದಿತು ನೋಡಿ, ರೊಟ್ಟಿ ಒರಟಾಯಿತು. "ಸಾಹೇಬ್ರ ಮನ್ಯಾಗ ಎಲ್ಲಾರೂ ಚಪಾತಿ ಅನ್ನ ಉಣ್ತಾರ" ಎಂದು ಅಪ್ಪಣೆಯಾಯಿತು. ಮಾಡಿಟ್ಟ ರೊಟ್ಟಿ ನನ್ನ ಪಾಲಿಗೆ. ನಲವತ್ತಕ್ಕೆ ಯಾರೋ ಕಚೇರಿಯ ಮಿತ್ರರು ಹೊಟ್ಟೆ ಕರಗಲು ಹಸಿ ತರಕಾರಿ, ಬೆಳಿಗ್ಗೆ ಮೆಂತ್ಯದ ನೀರು ಎಂದು ಬೋಧಿಸಿದರು. ಒಂದು ವಾರ ಗಜ್ಜರಿ ಕರಕರ ಜಗಿದರು, ಎಂಟನೆಯ ದಿನ ಬೇಸರ. ಆ ಕಹಿ ನೀರನ್ನು ಮೂಗು ಹಿಡಿದು ಕುಡಿದವಳು ನಾನು. ನಲವತ್ತೈದಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಏನು ಬರೆದುಕೊಟ್ಟರು ಗೊತ್ತೇ? ಜೋಳದ ರೊಟ್ಟಿ! ಹದಿನೈದು ವರ್ಷ ಒರಟಾಗಿದ್ದದ್ದು ಒಂದೇ ಚೀಟಿಗೆ ಅಮೃತವಾಯಿತು. ಅಲ್ಲಿಂದ ಅವರ ಪಥ್ಯ ಊರಿಗೆಲ್ಲ ಗೊತ್ತು. ಪಂಚಮಿಗೆ ಉಂಡೆ ಮಾಡಿದರೆ "ನನಗ ಬ್ಯಾಡ", ಹಬ್ಬಕ್ಕೆ ಹೋಳಿಗೆ ಮಾಡಿದರೆ "ನನಗ ಬ್ಯಾಡ". ಬೇಡವೆಂದವರು ಋಷಿಗಳಾದರು, ಅವರ ಪಾಲಿನ ಹೋಳಿಗೆ ತಿಂದವಳು ಹೊಟ್ಟೆಬಾಕಿಯಾದಳು. ಅವರ ಪಥ್ಯದ ಪಲ್ಯ ಮಿಕ್ಕರೂ ನಾನೇ, ಅವರು ಬಿಟ್ಟ ಸಿಹಿಯಾದರೂ ನಾನೇ. ಅವರು ಕೊಡೆಯ ಕಡ್ಡಿಯಂತಾದರು. ಬಂದವರೆದುರು ಅಂಗಿ ಸಡಿಲಾದದ್ದನ್ನು ಎಳೆದು ತೋರಿಸಿ, ನನ್ನತ್ತ ತಿರುಗಿ, "ಸ್ವಲ್ಪ ಬಾಯಿ ಕಟ್ಟಬೇಕಾಗ್ತದ ನೋಡ್ರಿ, ಎಲ್ಲಾರಿಗೂ ಆಗೂದಲ್ಲ ಅದು" ಅನ್ನುತ್ತಿದ್ದರು. ನನ್ನ ಕೈಯಲ್ಲಿ ಆಗ ಲಟ್ಟಣಿಗೆ ಇರುತ್ತಿತ್ತು. ನಾನು ಸುಮ್ಮನಿದ್ದೆ ಎಂಬುದನ್ನು ದಯವಿಟ್ಟು ಗಮನಿಸಿ.

ಹೋದ ವರ್ಷ ಮೊಣಕಾಲು ನೋವು ಜೋರಾಗಿ ಗುಲಬರ್ಗಾದ ಡಾಕ್ಟರ ಹತ್ತಿರ ಹೋದೆವು. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಓಡಿದ್ದನ್ನು ನೋಡಿ ನಮ್ಮವರು ನಕ್ಕರು. "ಅವ್ವಾರ, ದಿನಾ ಊಟದಾಗ ಏನೇನ ತಗೋತೀರಿ?" ಎಂದು ಡಾಕ್ಟರು ಕೇಳಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ! ಎಲ್ಲ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಮ್ಮವರೇ ಉತ್ತರ ಕೊಟ್ಟರು: "ಇಕಿ ಬಾಯಿ ಕಟ್ಟಂಗಿಲ್ರಿ ಸಾಹೇಬ್ರ. ಏನ ಉಳದ್ರೂ ಬಿಡಂಗಿಲ್ಲ. ನನ್ನ ನೋಡ್ರಿ, ಹೆಂಗ ಇಳಿಸೀನಿ." ಡಾಕ್ಟರು ಅವರನ್ನು ಮೆಚ್ಚುಗೆಯಿಂದ ನೋಡಿದರು. ನನಗೆ ಹೇಳಿದರು: "ಹತ್ತು ಕಿಲೋ ಇಳೀಬೇಕ್ರಿ ಅವ್ವಾರ. ಇಲ್ಲಂದ್ರ ನೆಲದ ಮ್ಯಾಲ ಕುಂತು ಏಳೂದು ಮರತಬಿಡ್ರಿ." ನೆಲದ ಮೇಲೆ ಕೂತು ಏಳಲಾಗದವಳು ನಮ್ಮ ಕಡೆ ರೊಟ್ಟಿ ಬಡಿಯಲಾರಳು, ಪೂಜೆಗೆ ಕೂಡಲಾರಳು, ಪಂಕ್ತಿಯಲ್ಲಿ ಉಣ್ಣಲಾರಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು ಕೂತಿದ್ದೆ. ಯಜಮಾನರು ಪೇರಲಹಣ್ಣು ಕೊಂಡು, ಕಿಟಕಿಯಾಚೆ ನೋಡುತ್ತ ನಿಧಾನವಾಗಿ ತಿಂದರು. ಭೀಮಾ ಸೇತುವೆ ಬಂದಾಗ, ಕಚ್ಚಿದ ಅರ್ಧ ಹಣ್ಣನ್ನು ನನ್ನ ಕೈಗಿಟ್ಟು, "ತಗೋ, ಸಾಕಾತ ನನಗ" ಅಂದರು. ಆ ಹಣ್ಣನ್ನು ನಾನು ಕಿಟಕಿಯಿಂದ ಭೀಮೆಗೆ ಬೀಸಿ ಒಗೆದೆ. ಜೀವನದಲ್ಲಿ ತಿನ್ನುವ ಪದಾರ್ಥ ಒಗೆದದ್ದು ಅದೇ ಮೊದಲು. ತೀರಿಕೊಂಡ ಅತ್ತೆಯವರು ಎಲ್ಲಿಂದಾದರೂ ನೋಡಿದರೋ ಏನೋ ಎಂದು ಎದೆ ಧಸಕ್ಕೆಂದಿತು, ಆದರೆ ಹಿತವೂ ಆಯಿತು.

ಮನೆಗೆ ಬಂದವಳೇ ಸಾರಿದೆ: ನಾಳೆಯಿಂದ ಎಲ್ಲರ ಜೊತೆ ನನಗೂ ಒಂದು ತಾಟು. ಎರಡು ಬಿಸಿ ರೊಟ್ಟಿ, ಪಲ್ಯ, ಮಜ್ಜಿಗೆ. ಯಾರು ಬಿಟ್ಟದ್ದನ್ನೂ ನಾನು ಮುಟ್ಟುವುದಿಲ್ಲ. "ಮತ್ತ ಉಳದದ್ದು ಏನ ಮಾಡೂದು?" ಎಂದು ನಮ್ಮವರು ಗಾಬರಿಯಾದರು. "ಉಳಸಬ್ಯಾಡ್ರಿ" ಅಂದೆ. ಆ ವರ್ಷವೇ ಮಗನ ಮದುವೆಯಾಗಿ ಅಫಜಲಪುರ ಕಡೆಯಿಂದ ಸೊಸೆ ಬಂದಿದ್ದಳು, ಗಾಳಿ ಬೀಸಿದರೆ ಹಾರುವ ಹಾಗಿದ್ದ ಹುಡುಗಿ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವ ಕೆಲಸ ಅವಳು ತಾನಾಗಿಯೇ ವಹಿಸಿಕೊಂಡಳು. ಆರು ತಿಂಗಳಲ್ಲಿ ನಾನು ಐದು ಕಿಲೋ ಇಳಿದೆ. ಬಂದವರಿಗೆಲ್ಲ ಹೇಳಿದೆ. ನನ್ನ ಒಂದು ಸಿಟ್ಟಿಗೆ ಈ ಮನೆಯಲ್ಲಿ ಉಳಿಯುವುದೇ ನಿಂತುಹೋಯಿತು ನೋಡ್ರಿ ಎಂದು ಕೂಡ ಹೇಳಿದೆ. ಹಾಗೆಂದೇ ನಂಬಿದ್ದೆ.

ಮೊನ್ನೆ ಮಧ್ಯಾಹ್ನ ಗಂಡಸರು ಎದ್ದುಹೋದ ಮೇಲೆ ಸೊಸೆ ಕುಪ್ಪಸವೊಂದನ್ನು ಹಿಡಿದು ಬಂದು ನಿಂತಳು. "ಅತ್ತಿ, ಇದರ ಹೊಲಿಗಿ ಸ್ವಲ್ಪ ಬಿಚ್ಚಿ ಕೊಡ್ರಿ. ಭಾಳ ಬಿಗಿ ಆಗ್ಯಾವ ಎಲ್ಲಾ." ನನಗೆ ಸಂತೋಷ ತಡೆಯಲಾಗಲಿಲ್ಲ. "ಎಷ್ಟ ತಿಂಗಳಬೇ?" ಎಂದು ಕೇಳಿಯೇಬಿಟ್ಟೆ. ಅವಳು ಮುಖ ಕೆಂಪಗೆ ಮಾಡಿಕೊಂಡು, "ಅಂಥಾದ್ದೇನ ಇಲ್ರಿ" ಅಂದಳು. ನನ್ನ ತಾಟು ತೆಗೆಯಲು ಬಗ್ಗಿದಳು. ತಾಟಿನಲ್ಲಿ ಅರ್ಧ ರೊಟ್ಟಿ ಇತ್ತು. ಬೇಗ ಇಳಿಯಲೆಂದು ಈಚೆಗೆ ಎರಡನ್ನು ಒಂದೂವರೆ ಮಾಡಿಕೊಂಡಿದ್ದೆ. ದಿನಾ ಹೇಳುವ ಹಾಗೆಯೇ, ಯೋಚನೆಯಿಲ್ಲದೆ ಹೇಳಿದೆ: "ಕೆಡಸಬ್ಯಾಡಬೇ, ನೀನ ತಿಂದ ಮುಗಸು."

ಮಾತು ಹೊರಬಿದ್ದ ಮೇಲೆ ಅದು ಯಾರ ಧ್ವನಿ ಎಂದು ಗೊತ್ತಾಯಿತು. ನನ್ನ ಐದು ಕಿಲೋ ಎಲ್ಲಿಗೆ ಹೋಗಿತ್ತೆಂಬುದೂ ಗೊತ್ತಾಯಿತು. ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಯಜಮಾನರನ್ನು ಬೈಯೋಣವೆಂದರೆ ಕಚೇರಿಗೆ ಹೋಗಿದ್ದರು, ಅತ್ತೆಯವರನ್ನೆಂದರೆ ಶಿವನ ಪಾದ ಸೇರಿದ್ದರು. ಎದುರಿಗಿದ್ದವಳು ಆ ಹುಡುಗಿ ಒಬ್ಬಳೇ. "ಕುಂಡ್ರು ಇಲ್ಲಿ, ಹೊಸಾ ತಾಟ ತಗೊಂಡ ಕುಂಡ್ರು!" ಎಂದು ಅವಳ ಮೇಲೆಯೇ ಗದರಿದೆ. ಹೆದರಿ ಕೂತಳು. ಮೊಣಕಾಲು ಕಟಕಟ ಅನ್ನಿಸುತ್ತ ನಾನು ಒಲೆಯ ಮುಂದೆ ಕೂತು, ಹಂಚು ಚೆನ್ನಾಗಿ ಕಾಯಲು ಬಿಟ್ಟು, ಮೂರು ರೊಟ್ಟಿ ಬಡಿದು, ಒಂದೊಂದಾಗಿ ಅವಳ ತಾಟಿಗೆ ಹಾಕಿದೆ. ಹೊಗೆಯಾಡುವ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟೆ. ಅವಳು ತಲೆ ತಗ್ಗಿಸಿಕೊಂಡೇ ಉಂಡಳು. ಎರಡೂವರೆ ಆದಮೇಲೆ ಕೈ ಅಡ್ಡ ಹಿಡಿದು, "ಸಾಕ್ರಿ ಅತ್ತಿ, ಹೊಟ್ಟಿ ತುಂಬೇತ್ರಿ" ಎಂದು ನಕ್ಕು ಎದ್ದಳು. ಈ ಮನೆಗೆ ಬಂದಮೇಲೆ ಅವಳು ಸಾಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು, ಬೆಣ್ಣೆ ಸಮೇತ. ಅದನ್ನು ಯಾರು ತಿಂದರೆಂದು ದಯವಿಟ್ಟು ಕೇಳಬೇಡಿ, ನನಗೆ ಮತ್ತೆ ಸಿಟ್ಟು ಬರುತ್ತದೆ.